ತಾರ್ಯನ ಹಿಮ್ಮಡಿ

ಕಡಲಾಚೆಯ ಸುಬಾಂಗ್ ಸೀಮೆಯ ಬಡಗಣ ಗದ್ದೆಬಯಲಿನಲ್ಲಿ ಮದ್ದಳೆ ಬಾರಿಸುವವರಿಗೆ ಎಂದೂ ಬರ ಬಂದದ್ದಿಲ್ಲ. ಊರಿಗಿಬ್ಬರು ಸಿಗುತ್ತಾರೆ. ಆದರೆ ಕೈ ಕೊಟ್ಟ ದೇವರು ಎಲ್ಲರಿಗೂ ಹಿಮ್ಮಡಿ ಕೊಡುವುದಿಲ್ಲ. ಕೆಂದಾಂಗ್ ಎಂಬ ಆ ದೊಡ್ಡ ಮದ್ದಳೆಯನ್ನು ಮರದ ಪೀಠದ ಮೇಲೆ ಓರೆಯಾಗಿ ಮಲಗಿಸಿ, ಅದರ ಅಗಲ ಮುಖದ ಚರ್ಮಕ್ಕೆ ತನ್ನ ಬರಿಗಾಲಿನ ಹಿಮ್ಮಡಿಯನ್ನು ಊರಿಕೊಂಡು ಮದ್ದಳೆಗಾರ ಕೂರುತ್ತಾನೆ. ಒತ್ತಿದರೆ ದನಿ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಒತ್ತಿ ಹಿಡಿದು ಹೊಡೆದು, ಹೊಡೆದ ಮರುಗಳಿಗೆಗೆ ಹಿಮ್ಮಡಿಯನ್ನು ಹಗುರಾಗಿ ಹಿಂದಕ್ಕೆ ಎಳೆದರೆ, ಕೊಡ ಬಾವಿಗಿಳಿದ ಹಾಗೆ ದನಿ ‘ದೋಂ...ವ್’ ಎಂದು ಕೆಳಗಿಳಿಯುತ್ತದೆ. ಆ ಇಳಿತದ ಮೇಲೆಯೇ ಕುಣಿಯುವವಳ ಸೊಂಟವೂ ಇಳಿಯಬೇಕು. ಎರಡೂ ಒಟ್ಟಿಗೆ ಇಳಿದಾಗ ಚಪ್ಪರದ ತುಂಬ ಕೂತ ಗಂಡಸರು ಒಂದೇ ಬಾಯಲ್ಲಿ ‘ಹೋ’ ಎನ್ನುತ್ತಾರೆ. ಆ ಹೋಕಾರಕ್ಕಾಗಿ ಜನ ಆರು ಮೈಲಿ ಗದ್ದೆಬದುವಿನ ಮೇಲೆ ನಡೆದು ಬರುವುದುಂಟು.

ಮಾಂಗ್ ತಾರ್ಯನ ಹಿಮ್ಮಡಿಗೆ ಆ ಸೀಮೆಯಲ್ಲಿ ಜೋಡಿ ಇರಲಿಲ್ಲ. ಮಾಂಗ್ ಎಂದರೆ ಚಿಕ್ಕಪ್ಪ. ಊರಿನ ಮಕ್ಕಳಿಂದ ಹಿಡಿದು ಹಲ್ಲುದುರಿದವರವರೆಗೆ ಎಲ್ಲರೂ ಅವನನ್ನು ಹಾಗೆಯೇ ಕರೆಯುತ್ತಿದ್ದರು. ಅವನಪ್ಪ ಬೇರೆಯವರ ಬಾತುಗಳನ್ನು ಮೇಯಿಸಿಕೊಂಡು ಗದ್ದೆಯಿಂದ ಗದ್ದೆಗೆ ಅಲೆದವನು. ತಾರ್ಯನಿಗೆ ಅಂಗೈಯಗಲ ನೆಲವೂ ಬರಲಿಲ್ಲ, ಅಕ್ಷರವೂ ಹತ್ತಲಿಲ್ಲ. ಬಾತು ಕಾಯುತ್ತ ಕಾಯುತ್ತ ಒಡೆದ ಸೀಮೆಎಣ್ಣೆ ಡಬ್ಬಕ್ಕೆ ಆಡಿನ ಚರ್ಮ ಬಿಗಿದು, ಅದರ ಮೇಲೆ ಕಾಲಿಟ್ಟು ತಾನೇ ಕಲಿತ. ಹದಿನೇಳಕ್ಕೆ ಮಾ ಓನಿಯ ಮೇಳದಲ್ಲಿ ಮದ್ದಳೆಯ ಮುಂದೆ ಕೂತವನು ನಲವತ್ತು ವರ್ಷ ಅಲ್ಲಿಂದ ಏಳಲಿಲ್ಲ. ಮಾ ಓನಿ ಆಗ ಮೇಳದ ಹಾಡುಗಾತಿ, ಆಮೇಲೆ ಅದರ ಯಜಮಾನಿ. ಮುಪ್ಪಿನಲ್ಲೂ ಆಕೆಯ ಗಂಟಲು ಬೆಳ್ಳಿ, ನಾಲಗೆ ಕುಡುಗೋಲು.

ಗದ್ದೆಯಿದ್ದವರು ಗದ್ದೆ ತೋರಿಸಿ ಮರ್ಯಾದೆ ಪಡೆಯುತ್ತಾರೆ. ತಾರ್ಯನ ಮರ್ಯಾದೆಯೆಲ್ಲ ಕಾಲ ಕೆಳಗೇ ಇತ್ತು. ಅವನು ಕಾಲುವೆ ದಾಟುವಾಗ, “ಮಾಂಗ್, ಹಿಮ್ಮಡಿ ಜೋಪಾನ, ಏಡಿ ಕಚ್ಚಿ ನಮ್ಮನೇ ಮದುವೆ ಕೆಡಿಸೀತು!” ಎಂದು ನಾಟಿ ಹಾಕುವ ಹೆಂಗಸರು ಕೂಗುತ್ತಿದ್ದರು. ಹೆಂಡತಿ ಆರ್ಸಿ ವಾರಕ್ಕೊಮ್ಮೆ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನಿಂದ ಉಜ್ಜಿ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಇನ್ನೊಂದು ಕಾಲು ಒಡೆದು ಕೆರೆಯಂಗಳದಂತಿದ್ದರೂ ಅದನ್ನು ಯಾರೂ ಕೇಳುತ್ತಿರಲಿಲ್ಲ.

ಐವತ್ತೇಳನೆಯ ವರ್ಷ, ಕೊಯ್ಲಿಗೆ ತಿಂಗಳಿರುವಾಗ, ಒಂದು ಬೆಳಗ್ಗೆ ತಾರ್ಯ ಗದ್ದೆಬದುವಿನಿಂದ ಬಂದು ಕಾಫಿಗೆ ಕೂತ. ಆರ್ಸಿ ಚಾಪೆ ನೋಡಿ ಕೇಳಿದಳು. ಮಕ್ಕಳು ಹುಟ್ಟಿದ ಮೇಲೆ ಅವಳೂ ಅವನನ್ನು ಮಕ್ಕಳಂತೆ ‘ಅಬಾ’ ಎಂದೇ ಕರೆಯುತ್ತಿದ್ದಳು.

“ಅಬಾ, ಇದೇನು ರಕ್ತ? ಕೋಳಿ ಕುಯ್ದ್ರಾ?”

“ಯಾವ ರಕ್ತ?”

“ಬಾಗ್ಲಿಂದ ಇಲ್ಲಿಗಂಟ ಹೆಜ್ಜೆ ಹೆಜ್ಜೆಗೂ ಬಿದ್ದೈತೆ. ಕಾಲೆತ್ತಿ. ಅಯ್ಯೋ ದೇವ್ರೇ, ಬಸವನಹುಳದ ಚಿಪ್ಪು ಅರ್ಧ ಒಳಕ್ಕೇ ಹೋಗೈತಲ್ರೀ! ನೋವಾಗ್ಲಿಲ್ವಾ?”

“ಮದ್ದಳೆಗಾರನ ಹಿಮ್ಮಡಿ ಕಣೇ ಇದು. ಎಮ್ಮೆ ಚರ್ಮ.”

ಹಾಗಂದವನೇ ಚಿಪ್ಪು ಕಿತ್ತು, ಆ ಜಾಗವನ್ನು ಉಗುರಿನಿಂದ ಎರಡು ಸಲ ಒತ್ತಿ ನೋಡಿದ. ಆರ್ಸಿ ಬಿಡಲಿಲ್ಲ, ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿನ ನರ್ಸಮ್ಮ ರಕ್ತ ನೋಡಿ, ಮೈಯಲ್ಲಿ ಸಕ್ಕರೆ ತುಂಬಿದೆ, ಈ ಹಿಮ್ಮಡಿಗೆ ಇನ್ನು ಅರಿವಿಲ್ಲ, ದಿನಾ ಕಣ್ಣಿಟ್ಟು ನೋಡಿಕೊಳ್ಳಿ ಎಂದಳು. ಮನೆ ಹತ್ತಿರ ಬಂದಾಗ ತಾರ್ಯ ಹೆಂಡತಿಯ ತೋಳು ಹಿಡಿದು ನಿಲ್ಲಿಸಿ, “ಈ ಮಾತು ನಮ್ಮ ಹೊಸಿಲು ದಾಟಬಾರ್ದು. ದಾಟಿದ್ರೆ ನಾನು ಸತ್ತಂಗೆ” ಎಂದ.

“ಮಾ ಓನಿಗಾದ್ರೂ...”

“ಮಾ ಓನಿಗೆ ಹೇಳಿದ್ರೆ ಸಂತೆಗೇ ಡಂಗುರ ಹೊಡ್ಸಿದಂಗೆ. ಸುಮ್ನಿರು.”

ಅವನು ಒಂದು ಉಪಾಯ ಕಂಡುಕೊಂಡ. ಕಾಲಿಗೆ ಅರಿವಿಲ್ಲದಿದ್ದರೇನು, ಕಣ್ಣಿದೆಯಲ್ಲ. ಹಿಮ್ಮಡಿ ಒತ್ತಿದೆಯೋ ಬಿಟ್ಟಿದೆಯೋ ಕಣ್ಣಿಂದಲೇ ನೋಡಿ ಬಾರಿಸಿದರಾಯಿತು. ಮನೆಯಲ್ಲಿ ಒಬ್ಬನೇ ಬಾರಿಸುವಾಗ ಅದು ನಡೆಯಿತು. ಆದರೆ ಕುಣಿತದಲ್ಲಿ ಮದ್ದಳೆಗಾರನ ಕಣ್ಣು ಕುಣಿಯುವವಳ ಮೇಲಿರಬೇಕು. ಅವಳ ಭುಜ ಅಲುಗಿದರೆ ಅದಕ್ಕೊಂದು ಸಣ್ಣ ಪೆಟ್ಟು, ಕತ್ತು ಹೊರಳಿದರೆ ಅದಕ್ಕೊಂದು, ಸೊಂಟ ಇಳಿದರೆ ಅದಕ್ಕೆ ಆ ದೊಡ್ಡ ಇಳಿದನಿ. ಹುಟ್ಟಿಸಿದ ದೇವರು ಮುಖಕ್ಕೆ ಎರಡು ಕಣ್ಣು ಕೊಟ್ಟದ್ದು ನಿಜ. ಎರಡೂ ಒಂದೇ ಕಡೆ ನೋಡುತ್ತವೆ.

ಆ ವರ್ಷ ಮೇಳದ ಮುಂದಿನ ಸಾಲಿಗೆ ಬಂದವಳು ವಾರ್ತಿನಿ. ಇಪ್ಪತ್ತರ ಹುಡುಗಿ, ಅಪ್ಪ ಇಲ್ಲ, ತಾಯಿ ಸಂತೆಯಲ್ಲಿ ಉಪ್ಪುಹಾಕಿದ ಬಾತುಮೊಟ್ಟೆ ಮಾರುವವಳು. ಎರಡು ವರ್ಷ ಹಿಂದಿನ ಸಾಲಿನಲ್ಲಿ ಕುಣಿದಿದ್ದಳು. ಮುಂದೆ ನಿಲ್ಲಿಸಿ ಎಂದು ಮಾ ಓನಿಗೆ ಹೇಳಿದವನು ಸ್ವತಃ ತಾರ್ಯನೇ. “ಬೇರೆ ಹುಡ್ಗೀರಿಗೆ ಕಿವಿ ತಲೇಲೈತೆ ಮಾ. ಇವ್ಳಿಗೆ ಸೊಂಟದಲ್ಲೈತೆ” ಎಂದಿದ್ದ. ಉಪವಾಸದ ತಿಂಗಳು ಹತ್ತಿರ ಬರುತ್ತಿತ್ತು. ಅದು ಕಳೆಯುವವರೆಗೆ ಯಾರೂ ಕುಣಿಸುವುದಿಲ್ಲವಾದ್ದರಿಂದ ಅದಕ್ಕೆ ಮೊದಲೇ ಎಲ್ಲರೂ ಮದುವೆ, ಗಂಡುಮಕ್ಕಳ ಸುನ್ನತಿಯ ಮುಂಜಿ ಮುಗಿಸುವ ಅವಸರದಲ್ಲಿದ್ದರು. ಚಿಪಾರಿ ಊರಿನ ಮುಖಂಡನ ಮಗನ ಮುಂಜಿಗೆ ಮಾ ಓನಿಯ ಮೇಳಕ್ಕೇ ಕರೆ ಬಂತು. ವಾರ್ತಿನಿ ಮೊದಲ ಸಲ ನಡುರಂಗದಲ್ಲಿ ನಿಲ್ಲುವುದು ಅಲ್ಲಿಯೇ ಎಂದಾಯಿತು.

ಮಧ್ಯಾಹ್ನದ ನಮಾಜು ಮುಗಿದು ಊಟವಾದ ಮೇಲೆ ಮೇಳ ಶುರುವಾಯಿತು. ಚಪ್ಪರ ತುಂಬಿ ಹೊರಗೆ ತೆಂಗಿನ ಮರದ ಬುಡದವರೆಗೆ ಜನ. ಲವಂಗದ ಸಿಗರೇಟಿನ ಹೊಗೆ ಮೋಡ ಕಟ್ಟಿತ್ತು. ಎರಡು ಹಾಡು ಚೆನ್ನಾಗಿಯೇ ನಡೆದವು. ಹುಡುಗಿ ಹಸಿರು ಶಲ್ಯ ಬೀಸಿ ತಿರುಗಿದರೆ ಮುಂದೆ ಕೂತ ಮುದುಕರು ಬಾಯಿಗಿಟ್ಟ ಕಾಫಿ ನುಂಗುವುದನ್ನೇ ಮರೆತರು.

ಮೂರನೆಯ ಹಾಡಿನಲ್ಲಿ ಅವಳ ಸೊಂಟ ಇಳಿಯಿತು. ತಾರ್ಯ ಹೊಡೆದ. ದನಿ ಇಳಿಯಲಿಲ್ಲ. ‘ಟೀಂಗ್’ ಎಂದು ಮೇಲೆಯೇ ನೇತುಬಿದ್ದಿತು.

ಬರಿಯ ಗಾಳಿಯಲ್ಲಿ ಸೊಂಟ ಕುಕ್ಕಿದ ಹುಡುಗಿ ಎಷ್ಟು ನಗೆಗೀಡು ಎಂಬುದು ಆ ಸೀಮೆಯಲ್ಲಿ ಹುಟ್ಟಿದವರಿಗೇ ಗೊತ್ತು. ಮೆಟ್ಟಿಲಿದೆ ಎಂದು ಕಾಲಿಟ್ಟು ಮೆಟ್ಟಿಲಿಲ್ಲದೆ ಮುಗ್ಗರಿಸಿದವಳಂತೆ ಕಂಡಳು. “ಏನವ್ವಾ, ಸೊಂಟ ನಿನ್ನನ್ ಬಿಟ್ಟು ಮುಂಚೇನೇ ಬಸ್ ಹತ್ಬಿಡ್ತಾ?” ಎಂದು ಯಾರೋ ಕೂಗಿದರು. ಚಪ್ಪರ ನಕ್ಕಿತು. ತಾರ್ಯ ಕೆಳಗೆ ನೋಡಿದ. ಹಿಮ್ಮಡಿ ಚರ್ಮವನ್ನು ಒತ್ತಿಕೊಂಡೇ ಇತ್ತು, ಬೇರೆ ಯಾರದೋ ಕಾಲನ್ನು ತಂದು ಅಲ್ಲಿಟ್ಟ ಹಾಗೆ. ಅವನು ಬಿಡು ಎಂದಿದ್ದ; ಅದಕ್ಕೆ ಕೇಳಿಸಿರಲಿಲ್ಲ.

ಎರಡನೆಯ ಸಲವೂ ಹಾಗೆಯೇ ಆಯಿತು. ನಗೆ ಜೋರಾಯಿತು. ವಾರ್ತಿನಿ ತಿರುಗಿ ಅವನ ಮುಖ ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ. ‘ಏನು ಮಾಡಲಿ ಮಾಂಗ್?’ ಎಂದು ಕೇಳುತ್ತಿತ್ತು.

ಆಗ ತಾರ್ಯ ಮಾಡಿದ್ದನ್ನು ಮುಂದೆ ಅವನು ಸಾವಿರ ಸಲ ನೆನೆಸಿಕೊಂಡ. ಮುಂದಿನ ಸಾಲಿನ ಗಂಡಸರತ್ತ ತಿರುಗಿದ. ತುಟಿಯನ್ನು ಚೂರೇ ಚೂರು ಓರೆ ಮಾಡಿ ನಕ್ಕ. ಹುಬ್ಬಿನಿಂದ ಹುಡುಗಿಯ ಕಡೆ ತೋರಿಸಿ ತಲೆಯಾಡಿಸಿದ. ಆಮೇಲೆ ಹಾಡು ಇನ್ನೂ ಅರ್ಧವಿರುವಾಗಲೇ ಮುಕ್ತಾಯದ ಪೆಟ್ಟುಗಳನ್ನು ಹೊಡೆದುಬಿಟ್ಟ. ಮದ್ದಳೆ ಹೇಳಿದ ಮೇಲೆ ಮುಗಿಯಿತು. ಜಾಗಟೆಯವನು ಕಕ್ಕಾಬಿಕ್ಕಿಯಾಗಿ ದೊಡ್ಡ ಜಾಗಟೆ ಹೊಡೆದ, ಮಾ ಓನಿ ಹಾಡಿನ ಸೊಲ್ಲನ್ನು ಬಾಯಲ್ಲೇ ನುಂಗಿದಳು. ವಾರ್ತಿನಿಯ ಒಂದು ಕೈ ಮೇಲೆತ್ತಿದ ಹಾಗೆಯೇ ನಿಂತಿತ್ತು. ಮದ್ದಳೆಗಾರನೇ ಬಾಗಿಲು ಹಾಕಿದ ಮೇಲೆ ಕುಣಿದವಳ ಪರ ಇನ್ನು ಯಾರು ಮಾತಾಡುತ್ತಾರೆ?

ಚಪ್ಪರದ ಹಿಂದೆ ಮಾ ಓನಿ ಅವಳನ್ನು ಹಿಡಿದುಕೊಂಡಳು. “ನಲವತ್ತು ವರ್ಷದಲ್ಲಿ ನನ್ನ ಮೇಳದ ಹಾಡನ್ನ ಯಾರೂ ಅರ್ಧಕ್ಕೆ ನಿಲ್ಸಿರ್ಲಿಲ್ಲ ಕಣೇ. ಕಿವೀಲೇನು ಹತ್ತಿ ತುರುಕ್ಕಂಡಿದ್ಯಾ?”

“ಮಾ, ದನಿ ಇಳೀಲೇ ಇಲ್ಲ ಮಾ.”

“ಕೇಳಿದ್ರಾ? ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ!” ಎಂದಳು ಮೂಲೆಯಲ್ಲಿ ಮುಡಿ ಬಿಚ್ಚುತ್ತಿದ್ದ ಒಬ್ಬಳು ಹಳೇ ಕುಣಿತಗಾತಿ.

“ತಾರ್ಯಾ, ನೀನೇ ಹೇಳಪ್ಪ. ಏನಾಯ್ತು?” ಎಂದಳು ಮಾ ಓನಿ.

ತಾರ್ಯ ಸಿಗರೇಟು ಹಚ್ಚುತ್ತಿದ್ದ. ಕಡ್ಡಿ ಎರಡು ಸಲ ಆರಿತು. “ಹೋಗ್ಲಿ ಬಿಡಿ ಮಾ. ಚಿಕ್ಕ ಹುಡ್ಗಿ. ಕಲ್ತ್ಕೋತಾಳೆ” ಎಂದ.

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ಅದರ ಹೊಲಸು.

ವಾರ್ತಿನಿ ಹಿಂದಿನ ಸಾಲಿನ ಕೊನೆಗೆ ಹೋದಳು. ಚಿಪಾರಿಯಲ್ಲಿ ಅದೊಂದು ಗಾದೆಯೇ ಆಯಿತು. ಎತ್ತಿದ ಹೊರೆ ಜಾರಿದರೆ, ಸೈಕಲ್ ಹತ್ತುವವನು ಬಿದ್ದರೆ, “ವಾರ್ತಿನಿ ಆಗ್ಬಿಟ್ಯಲ್ಲೋ” ಎನ್ನತೊಡಗಿದರು. ಅವಳ ತಾಯಿ ಮೊಟ್ಟೆಬುಟ್ಟಿಯ ಮುಂದೆ ಕೂತಾಗ ಕಿವಿಗೆ ಬೀಳಲೆಂದೇ ಅನ್ನುವವರಿದ್ದರು. ತಾರ್ಯ ಸಂತೆಗೆ ಹೋಗುವ ದಾರಿ ಬದಲಿಸಿದ.

ಉಪವಾಸದ ತಿಂಗಳು ಕಳೆದು ಹಬ್ಬ ಬಂತು. ಆ ದಿನ ಚಿಕ್ಕವರು ಹಿರಿಯರ ಮನೆಮನೆಗೆ ಹೋಗಿ ಕೈಹಿಡಿದು ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳಬೇಕು, ಹಿರಿಯರು ಕೊಟ್ಟು ತಾವೂ ಕೇಳಬೇಕು. ತಾರ್ಯ ಹೊಸ ಲುಂಗಿ ಉಟ್ಟು ಕೂತಿದ್ದ. ನೆರೆಯವರು ಬಂದು ಹೋದ ಮೇಲೆ ಬಾಗಿಲಲ್ಲಿ ವಾರ್ತಿನಿ ನಿಂತಳು. ಕೈಯಲ್ಲಿ ಹುದುಗಿಸಿದ ಮರಗೆಣಸಿನ ಬುಟ್ಟಿ, ತಾಯಿ ಕೊಟ್ಟ ಹತ್ತು ಮೊಟ್ಟೆ. ಮಂಡಿಯೂರಿ ಅವನ ಎರಡೂ ಕೈಗಳನ್ನು ಹಿಡಿದು ಹಣೆಗೊತ್ತಿಕೊಂಡಳು.

“ಮಾಂಗ್, ಮೈಯಿಂದಾದ್ದು ಮನ್ಸಿಂದಾದ್ದು ಎಲ್ಲಾ ತಪ್ಪೂ ಹೊಟ್ಟೆಗಾಕ್ಕಳಿ. ನೀವೇ ಹೇಳಿ ನನ್ನ ಮುಂದಕ್ಕೆ ನಿಲ್ಸಿದ್ರಿ. ಚಿಪಾರೀಲಿ ನಾನು ನಿಮ್ಮ ಹೆಸ್ರಿಗೇ ಮಸಿ ಬಳಿದ್ಬಿಟ್ಟೆ.”

ಅವಳ ಹಣೆ ಬಿಸಿಯಾಗಿತ್ತು. ತಾರ್ಯನ ಗಂಟಲಲ್ಲಿ ಮಾತು ಬಂತು, ಹಲ್ಲಿನವರೆಗೆ ಬಂತು. ಹೊರಬಂದದ್ದು ಬೇರೆ.

“ಹಾಕ್ಕಂಡೆ ಮಗ್ಳೇ. ನನ್ನಿಂದ್ಲೂ ಏನಾದ್ರೂ ತಪ್ಪಾಗಿದ್ರೆ ನೀನೂ ಮನ್ಸಲ್ಲಿಟ್ಕಬೇಡ.”

ಹಬ್ಬದ ದಿನ ಎಲ್ಲರೂ ಅನ್ನುವ ಮಾತು ಅದು. ತಪ್ಪು ಮಾಡಿದವನೂ ಅನ್ನುತ್ತಾನೆ, ಮಾಡದವನೂ ಅನ್ನುತ್ತಾನೆ. ಸಾವಿರ ಬಾಯಲ್ಲಿ ಉರುಳಿ ನುಣುಪಾದ ಕಲ್ಲು. ತಾರ್ಯ ಅದರ ಹಿಂದೆ ಕೂತುಬಿಟ್ಟ.

ಹುಡುಗಿ ಕಣ್ಣೊರೆಸಿಕೊಂಡು, “ಇನ್ನೊಂದ್ ಬೇಡ್ಕೋತೀನಿ. ದಿನಾ ಬೆಳಗ್ಗೆ ಬರ್ತೀನಿ, ನಿಮ್ಮ ಮದ್ದಳೆ ಮುಂದೆ ನಾಕು ಹೆಜ್ಜೆ ತಿದ್ದಿಕೊಡಿ” ಎಂದಳು. ಅದಕ್ಕೂ ಅವನು ಹೂಂ ಎಂದ.

ಅವಳು ಹೋದ ಮೇಲೆ ಆರ್ಸಿ ತಟ್ಟೆಯಿಂದ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿಡುತ್ತ, ಗೋಡೆಗೆ ಹೇಳುವಂತೆ ಹೇಳಿದಳು: “ಕ್ಷಮಿಸ್ಬಿಟ್ರಾ?”

ತಾರ್ಯ ಹೊಸ ಲುಂಗಿಯ ಮಡಿಕೆ ಸರಿಮಾಡಿಕೊಂಡ.

“ದೊಡ್ಡ ಮನ್ಸು ಕಣ್ರೀ ನಿಮ್ದು. ಹತ್ತು ಮೊಟ್ಟೆ ತಗಂಡು ಕ್ಷಮಿಸ್ಬಿಟ್ರಿ.”

ಆ ಮೊಟ್ಟೆಗಳನ್ನು ಅವಳು ಬೇಯಿಸಲಿಲ್ಲ, ಬಾಣಂತಿಯಿದ್ದ ನೆರೆಮನೆಗೆ ಕೊಟ್ಟಳು.

ವಾರ್ತಿನಿ ಹೇಳಿದಂತೆ ಬಂದಳು. ಹೊತ್ತು ಮೂಡಿ ಗದ್ದೆಯ ಮಂಜು ಕರಗುವ ಹೊತ್ತಿಗೆ ಅಂಗಳದಲ್ಲಿ ಶಲ್ಯ ಸುತ್ತಿ ನಿಂತಿರುತ್ತಿದ್ದಳು. ತಾರ್ಯ ಮದ್ದಳೆಗೆ ಕಾಲಿಟ್ಟು ಬಾರಿಸುತ್ತಿದ್ದ. ಒಮ್ಮೊಮ್ಮೆ ದನಿ ನೆಟ್ಟಗೆ ಇಳಿಯುತ್ತಿತ್ತು; ಹೆಚ್ಚು ಸಲ ಹಿಮ್ಮಡಿ ಒಂದು ಎವೆಯಿಕ್ಕುವಷ್ಟು ತಡವಾಗಿ ಬಿಡುತ್ತಿತ್ತು. ಪ್ರತಿ ಸಲವೂ ಹುಡುಗಿಯೇ ತುಟಿ ಕಚ್ಚಿಕೊಂಡು, “ನಂದೇ ತಪ್ಪು, ಇನ್ನೊಂದ್ಸಲ ಮಾಂಗ್” ಎನ್ನುತ್ತಿದ್ದಳು. ಅವನು ಇನ್ನೊಂದು ಸಲ ಬಾರಿಸುತ್ತಿದ್ದ. ಇವತ್ತು ಹೇಳುತ್ತೇನೆ ಎಂದು ಎದ್ದು, ನಾಳೆ ಹೇಳುತ್ತೇನೆ ಎಂದು ಮಲಗುತ್ತಿದ್ದ. ಹೇಳಿದರೆ ಮದ್ದಳೆ ಹೋಯಿತು. ಮದ್ದಳೆ ಹೋದರೆ ಅವನು ಯಾರು? ಬಾತು ಕಾಯುವವನ ಮಗ.

ಹೀಗೆ ತಿಂಗಳ ಮೇಲಾಯಿತು. ಒಂದು ಬೆಳಗ್ಗೆ ಸೊಂಟ ಇಳಿಯಿತು, ದನಿಯೂ ಇಳಿಯಿತು, ಎರಡೂ ಒಟ್ಟಿಗೆ. ಮತ್ತೊಮ್ಮೆ ಇಳಿಯಿತು. ಮತ್ತೂ ಒಮ್ಮೆ.

“ಸಿಕ್ತು ಮಾಂಗ್! ಸಿಕ್ತು!” ಎಂದು ವಾರ್ತಿನಿ ಮಗುವಿನ ಹಾಗೆ ಕೈ ತಟ್ಟಿದಳು.

ತಾರ್ಯನ ಕೈ ಮದ್ದಳೆಯ ಮೇಲೆಯೇ ನಿಂತುಹೋಯಿತು. ಹಿಮ್ಮಡಿ ಸರಿಹೋಗಿರಲಿಲ್ಲ, ಎಂದಿನಂತೆ ತಡವಾಗಿಯೇ ಬಿಟ್ಟಿತ್ತು. ಹುಡುಗಿ ತನ್ನ ಸೊಂಟವನ್ನು ಆ ಸತ್ತ ಹಿಮ್ಮಡಿಯ ಅಳತೆಗೆ ತಂದುಕೊಂಡಿದ್ದಳು. ನೆಟ್ಟಗಿದ್ದ ಸಸಿಯನ್ನು ಡೊಂಕು ಗೂಟಕ್ಕೆ ಕಟ್ಟಿ ಬೆಳೆಸಿದ ಹಾಗೆ ಆಗಿತ್ತು. ಚಿಪಾರಿಯಲ್ಲಿ ಅವಳ ಹೆಸರು ಕೆಡಿಸಿದ್ದ. ಇಲ್ಲಿ ಅಂಗಳದಲ್ಲಿ ಕೂತು ಅವಳ ಕುಣಿತವನ್ನೇ ಕೆಡಿಸಿದ. ಒಳಗಿನಿಂದ ಆರ್ಸಿ ಅಕ್ಕಿ ಕೇರುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಅವಳ ಕಣ್ಣಿಗೆ ಕಣ್ಣು ಕೊಡಲಾರದೆ ತಾರ್ಯ, “ಸಾಕು ಇವತ್ತಿಗೆ” ಎಂದು ಎದ್ದು ಹಿತ್ತಲಿಗೆ ಹೋದ. ಅಲ್ಲಿ ಬಾಳೆಯ ಬುಡದಲ್ಲಿ ಸುಮ್ಮನೆ ನಿಂತಿದ್ದ, ಏನೂ ಕೆಲಸವಿಲ್ಲದೆ.

ಮತ್ತೆ ಮದುವೆ ಕಾಲ ಬರುವ ಮುಂಚೆ, ಒಂದು ಶುಕ್ರವಾರ ನಮಾಜಿನ ಮೇಲೆ ಮಾ ಓನಿ ಮೇಳದವರನ್ನೆಲ್ಲ ತನ್ನ ಅಂಗಳಕ್ಕೆ ಕರೆದಳು. ಒಂದೇ ದಿನ ಎರಡು ಊರಿನ ಕರೆ ಬಂದಿದ್ದರಿಂದ ಎರಡನೆಯ ಮದ್ದಳೆಗಾರ ಬೇಕಿತ್ತು. ಹೊಳೆಯಾಚೆಯ ಕೋಸಿಮ್ ಎಂಬವನನ್ನು ಗೊತ್ತು ಮಾಡಿದ್ದಳು. ಮೂವತ್ತೈದರ ಆಸುಪಾಸು, ಮಾತು ಕಡಿಮೆ, ಎರಡು ಮಕ್ಕಳ ತಂದೆ. ಹುಡುಗಿಯರು ಒಬ್ಬೊಬ್ಬರಾಗಿ ಅವನ ಮದ್ದಳೆಗೆ ಕುಣಿದರು. ಕೊನೆಗೆ ವಾರ್ತಿನಿ ತಾನೇ ಎದ್ದು, “ನಂಗೂ ಒಂದ್ಸಲ ಮಾ. ಮಾಂಗ್ ಹತ್ರ ದಿನಾ ಕಲ್ತಿದೀನಿ” ಎಂದಳು.

ತಾರ್ಯ ಜಗಲಿಯ ಅಂಚಿನಲ್ಲಿ ಕೂತಿದ್ದ. ಕೋಸಿಮ್ ಬಾರಿಸಿದ. ದನಿ ಬಾವಿಗಿಳಿದ ಕೊಡದಂತೆ ಹದವಾಗಿ ಇಳಿಯಿತು. ಇಳಿದು ಮುಗಿದ ಮೇಲೆ ವಾರ್ತಿನಿಯ ಸೊಂಟ ಇಳಿಯಿತು. ಎರಡನೆಯ ಸಲವೂ ತಡ, ಮೂರನೆಯ ಸಲವೂ. ಅವಳ ಮುಖ ಬೆವರಿ ಬೆಳ್ಳಗಾಯಿತು. ಕೋಸಿಮ್ ಕೈ ನಿಲ್ಲಿಸಿ ನೆಲ ನೋಡಿದ.

“ಸಾಕು,” ಎಂದಳು ಮಾ ಓನಿ. ಬೈಯಲಿಲ್ಲ, ಅದೇ ಹೆಚ್ಚಾಯಿತು. “ಮೈಯಲ್ಲಿಲ್ದಿದ್ದನ್ನ ನಾನೆಲ್ಲಿಂದ ತರ್ಲವ್ವಾ? ಶಲ್ಯ ಬಿಚ್ಚಿ ಪೆಟ್ಟಿಗೇಲಿಡು. ನಿಮ್ಮವ್ವನ ಜತೆ ಸಂತೆಗೋಗು.”

ವಾರ್ತಿನಿ ತಲೆ ತಗ್ಗಿಸಿ ಶಲ್ಯದ ಗಂಟಿಗೆ ಕೈ ಹಾಕಿದಳು. ಗಂಟು ಬಿಗಿಯಾಗಿತ್ತು, ಬೆರಳು ಅದರ ಮೇಲೆ ಜಾರುತ್ತಿದ್ದವು. ತಾರ್ಯ ಆ ಬೆರಳುಗಳನ್ನು ನೋಡಿದ. ಆಮೇಲೆ ಯಾರೋ ಬೆನ್ನಿಗೆ ಕೈಕೊಟ್ಟು ದಬ್ಬಿದಂತೆ ಎದ್ದು ಅಂಗಳದ ನಡುವೆ ಬಂದು ಕೂತ.

“ಮಾ, ನಿಮ್ಮ ಮುಡಿ ಕಡ್ಡಿ ಕೊಡಿ.”

“ಯಾಕೋ?”

“ಕೊಡಿ ಮಾ.”

ಆಕೆ ಮುಡಿಗೆ ಸಿಕ್ಕಿಸಿದ್ದ ಹಿತ್ತಾಳೆ ಕಡ್ಡಿ ಕಿತ್ತು ಕೊಟ್ಟಳು. ತಾರ್ಯ ಕಾಲು ಚಾಚಿ, ಅಂಗಾಲನ್ನು ಎಲ್ಲರ ಮುಖಕ್ಕೆ ತಿರುಗಿಸಿದ. ಹಿರಿಯರ ಮುಂದೆ ಅಂಗಾಲು ತೋರಿಸುವವನನ್ನು ಅಲ್ಲಿ ನಾಯಿಗೂ ಕಡೆ ಅನ್ನುತ್ತಾರೆ. ಹೆಂಗಸರು ‘ಶ್ಶೀ’ ಎಂದರು.

“ತಾರ್ಯಾ! ಯಾರ ಮುಂದೆ ಕಾಲು ಚಾಚಿದೀಯ, ಗ್ಯಾನ ಐತಾ?”

ಅವನು ಕಡ್ಡಿಯನ್ನು ಹಿಮ್ಮಡಿಗೆ ಇಟ್ಟು ಒತ್ತಿದ. ಅರ್ಧ ಬೆರಳುದ್ದ ಒಳಗೆ ಹೋಯಿತು. ಅವನ ಕಣ್ಣು ಮಿಟುಕಲಿಲ್ಲ. ಕಿತ್ತಾಗ ಕಪ್ಪು ರಕ್ತ ಒಂದೆಳೆ ಇಳಿದು ಮಣ್ಣಿಗೆ ಬಿತ್ತು.

“ನೋವಿಲ್ಲ ಮಾ. ಕೊಯ್ಲಿಗೆ ಮುಂಚಿಂದ ಇದಕ್ಕೆ ಅರಿವಿಲ್ಲ. ಸಕ್ಕರೆ ಕಾಯ್ಲೆ. ಒತ್ತಿದ್ದೂ ತಿಳಿಯಾಕಿಲ್ಲ, ಬಿಟ್ಟಿದ್ದೂ ತಿಳಿಯಾಕಿಲ್ಲ.”

ಮಾ ಓನಿ ಮೆಲ್ಲಗೆ ಕೇಳಿದಳು: “ಚಿಪಾರೀಲಿ?”

“ಚಿಪಾರೀಲೂ. ಹುಡ್ಗಿ ಸರಿಯಾಗೇ ಇಳಿದ್ಲು. ದನಿ ಇಳೀಲಿಲ್ಲ. ನಾನು ನಕ್ಕು ಅವ್ಳ ಮೇಲೆ ಹಾಕ್ದೆ. ಈಗ ತಡ ಇಳೀತಾವ್ಳಲ್ಲ, ಅದು ನನ್ನ ಕಾಲು ಕಲ್ಸಿದ್ದು.”

“ಅಯ್ಯೋ ನಿನ್ನ ಮನೆ ಹಾಳಾಗ!” ಎಂದಳು ಮಾ ಓನಿ. ಮುಡಿ ಬಿಚ್ಚಿ ಹೋಗಿ ಬಿಳಿಗೂದಲು ಹೆಗಲ ಮೇಲೆ ಬಿದ್ದಿತ್ತು. “ನಲವತ್ತು ವರ್ಷ ಒಂದೇ ಚಾಪೇಲಿ ಕೂತು ಹಾಡಿದೀನಲ್ಲೋ ನಿನ್ ಜತೆ. ಕಾಯ್ಲೆ ಅಂದಿದ್ರೆ ನಾನೇನು ನಿನ್ನ ಬೀದಿಗೆ ಹಾಕ್ತಿದ್ನೇನೋ? ಅದ್ಬಿಟ್ಟು ಈ ಕೂಸಿನ ಮೇಲೆ...” ಆಕೆಯ ನಾಲಗೆ ಸೋತದ್ದನ್ನು ಮೇಳದವರು ಕಂಡದ್ದು ಅದೇ ಮೊದಲು.

ವಾರ್ತಿನಿ ಅವನ ಎದುರಿಗೆ ಬಂದು ನಿಂತಳು. ಅರ್ಧ ಬಿಚ್ಚಿದ ಶಲ್ಯ ಕೈಯಲ್ಲೇ ಇತ್ತು.

“ಹಬ್ಬದ ದಿನ ನಿಮ್ಮನೆಗೆ ಬಂದಿದ್ದೆ.”

“ಹೂಂ.”

“ನಿಮ್ಮ ಕೈ ಹಿಡ್ದು ಹಣೆಗೊತ್ಕೊಂಡಿದ್ದೆ.”

“ಹೂಂ.”

“ನೀವು ಕ್ಷಮಿಸಿದ್ರಿ.”

ತಾರ್ಯ ಚಾಚಿದ್ದ ಕಾಲನ್ನು ಮಡಿಸಿಕೊಂಡ.

“ಅವತ್ತು ನಾನು ಬೇಡಿದ್ನಲ್ಲ ಕ್ಷಮೆ, ಅದನ್ನ ನಂಗೆ ವಾಪಸ್ ಕೊಡಿ,” ಎಂದಳು. ಅವಳು ಅಳಲಿಲ್ಲ. “ದಿನಾ ಬೆಳಗ್ಗೆ ನಂದೇ ತಪ್ಪು ನಂದೇ ತಪ್ಪು ಅಂದ್ನಲ್ಲ, ಅದನ್ನೂ ಕೊಡಿ. ಇಲ್ಲಿರೋದು ಹನ್ನೆರಡು ಜನ. ಅಲ್ಲಿ ನಕ್ಕಿದ್ದು ಊರಿಗೂರು. ಕಾಲು ಇಲ್ಲಿ ತೋರ್ಸಿದ್ರೆ ಏನು ಬಂತು ಮಾಂಗ್?”

ಶಲ್ಯ ಬಿಗಿದು ಕಟ್ಟಿಕೊಂಡು ಹೊರಟುಹೋದಳು. ಈ ಸಲ ಮಾ ಓನಿ ಶಲ್ಯ ಪೆಟ್ಟಿಗೆಯಲ್ಲಿಡು ಎನ್ನಲಿಲ್ಲ.

ಆ ದಿನದಿಂದ ಮದ್ದಳೆ ಕೋಸಿಮನದಾಯಿತು. ತಾರ್ಯನಿಗೆ ಜಾಗಟೆ ಕೊಟ್ಟರು. ಹಿಂದಿನ ಮೂಲೆಯಲ್ಲಿ ನಿಂತು, ಮದ್ದಳೆ ಹೇಳಿದಾಗ ಒಂದು ಪೆಟ್ಟು. ಅದಕ್ಕೆ ಹಿಮ್ಮಡಿ ಬೇಡ. ಅವನು ಮೂರು ದಿನ ಮನೆಯಿಂದ ಹೊರಬರಲಿಲ್ಲ. ನಾಲ್ಕನೆಯ ದಿನ ಮಾ ಓನಿಯ ಮನೆಗೆ ಹೋಗಿ, “ಚಿಪಾರಿಯಿಂದ ಕರೆ ಬಂದ್ರೆ ಬಿಡಬೇಡಿ. ನಾನು ಬರ್ತೀನಿ” ಎಂದಷ್ಟೇ ಹೇಳಿ ಬಂದ.

ಕರೆ ಬಂತು. ಮುಖಂಡನ ತಮ್ಮನ ಮಗಳ ಮದುವೆ. ಹೇಳಲು ಬಂದವನು, “ಆ ಗಾಳೀಲಿ ಕುಕ್ಕಿದ ಹುಡ್ಗೀನ ಮಾತ್ರ ಮುಂದಕ್ಕೆ ಬಿಡಬೇಡಿ ಮಾ” ಎಂದು ನಕ್ಕು ಹೋಗಿದ್ದ. ಮಾ ಓನಿ ಅವಳನ್ನೇ ಮುಂದಕ್ಕೆ ಗೊತ್ತು ಮಾಡಿದಳು.

ಮದುವೆಯ ದಿನ ಅದೇ ಚಪ್ಪರ, ಅದೇ ಹೊಗೆ, ಮುಂದಿನ ಸಾಲಿನಲ್ಲಿ ಅದೇ ಮುಖಗಳು. ಬರುವ ಮೊದಲು ಆರ್ಸಿ ಅವನ ಅಂಗಿಯ ಗುಂಡಿ ಹಾಕುತ್ತ, “ಮಾತು ಉದ್ದ ಮಾಡ್ಬೇಡಿ. ಕಾಯ್ಲೆ ಕತೆ ಹೇಳಿ ಕಣ್ಣೀರು ತರ್ಸಬೇಡಿ. ಮಾಡಿದ್ದನ್ನ ಹೇಳಿ, ಬನ್ನಿ” ಎಂದಿದ್ದಳು. ಮೊದಲ ಹಾಡಿಗೆ ಮುಂಚೆ ತಾರ್ಯ ಜಾಗಟೆಯ ಕೋಲು ಕೆಳಗಿಟ್ಟು ಮೈಕಿನ ಹತ್ತಿರ ಹೋದ. ನಲವತ್ತು ವರ್ಷದಲ್ಲಿ ಅವನು ಅದರ ಮುಂದೆ ನಿಂತವನಲ್ಲ. ಬಾಯಿ ತೆರೆದಾಗ ತನ್ನ ದನಿ ತನಗೇ ಗುರುತು ಸಿಗಲಿಲ್ಲ.

“ಹೋದ ಸಲ ಇಲ್ಲಿ ಮುಂಜೀಲಿ ವಾರ್ತಿನಿ ಕುಣಿದಾಗ ನೀವೆಲ್ಲಾ ನಕ್ಕಿದ್ರಿ. ಅವ್ಳು ತಪ್ಪಿರ್ಲಿಲ್ಲ. ನನ್ನ ಕಾಲು ಜೋಮು ಹಿಡಿದು ನಾನು ತಪ್ಪಿದ್ದೆ. ತಪ್ಪಿದ್ದು ನಂಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಕಡೆ ನೋಡಿ ನಕ್ಕು, ಅವ್ಳದು ಅಂತ ತೋರ್ಸಿ, ಹಾಡು ಮುಗಿಸ್ದೆ. ಇಷ್ಟೇ.”

ತೆಂಗಿನ ಮರದ ಕಡೆಯಿಂದ ಒಬ್ಬ ಕೂಗಿದ: “ಜೋಮು ಹಿಡಿದಿದ್ದು ಕಾಲಿಗಲ್ವಾ ಮಾಂಗ್? ನಾಲಗೇಗ್ಯಾಕೆ ಆರು ತಿಂಗ್ಳು ಹಿಡೀತು?”

ಚಪ್ಪರ ಹೋ ಎಂದು ನಕ್ಕಿತು. ನಲವತ್ತು ವರ್ಷ ಯಾವ ಬಾಯಿಗಳು ಅವನ ಹಿಮ್ಮಡಿಗೆ ಹೋಕಾರ ಹಾಕಿದ್ದವೋ ಅವೇ ಬಾಯಿಗಳು. ತಾರ್ಯನ ಕಿವಿ ಬೆಂಕಿಯಾಯಿತು. ಓಡಿಹೋಗಬೇಕೆನಿಸಿತು. ಈ ನಗೆ ಅಂದು ಆ ಹುಡುಗಿಯ ಮೈಗೆ ತಾಗಿದ್ದು ಹೀಗೆ ಎಂಬುದು ಆಗ ತಿಳಿಯಿತು. ಅವನಿಗಾದರೋ ಐವತ್ತೇಳು ವರ್ಷದ ತೊಗಲಿತ್ತು.

“ನಾಲಗೇಗೂ ಹಿಡಿದಿತ್ತು,” ಎಂದ ಮೈಕಿನಲ್ಲಿ. “ಅದಕ್ಕೆ ಕಾಯ್ಲೆ ನೆಪ ಇಲ್ಲ.”

ಹಿಂದಕ್ಕೆ ಹೋಗಿ ಕೋಲು ಎತ್ತಿಕೊಂಡ. ನಗೆ ಇನ್ನೂ ಅಲ್ಲಲ್ಲಿ ಉರುಳುತ್ತಿರುವಾಗಲೇ ಮಾ ಓನಿ ಗಂಟಲೆತ್ತಿದಳು, ಕೋಸಿಮ್ ಮದ್ದಳೆಗೆ ಕಾಲಿಟ್ಟ, ವಾರ್ತಿನಿ ನಡುರಂಗಕ್ಕೆ ಬಂದಳು. ಅವಳು ಜಾಗಟೆಯ ಕಡೆ ನೋಡಲಿಲ್ಲ. ಚಪ್ಪರದ ಕಡೆ ನೇರವಾಗಿ ನೋಡಿದಳು. ಮುಂದಿನ ಸಾಲಿನ ಮುದುಕನೊಬ್ಬ ಕಣ್ಣು ತಪ್ಪಿಸಿ ಸಿಗರೇಟಿನ ಬೂದಿ ಕೊಡವಿದ.

ಭುಜಕ್ಕೆ ಪೆಟ್ಟು, ಕತ್ತಿಗೆ ಪೆಟ್ಟು, ಎಲ್ಲ ಸರಿಯಾಗಿ ಹೋಯಿತು. ಇಳಿಯುವ ಜಾಗ ಹತ್ತಿರ ಬರುತ್ತಿದ್ದಂತೆ ತಾರ್ಯ ಅವಳ ಸೊಂಟವನ್ನೇ ನೋಡಿದ. ಅವನು ಕಲಿಸಿದ ತಡ ಅವಳ ಸೊಂಟದಲ್ಲಿ ಇನ್ನೂ ಕೂತಿತ್ತು. ಒಂದು ಮೈ ಕಲಿತದ್ದನ್ನು ಮರೆಯಲು ಕಲಿಯುವುದಕ್ಕಿಂತ ಹೆಚ್ಚು ದಿನ ಬೇಕು. ಕೋಸಿಮ್ ಹೊಡೆದ. ವಾರ್ತಿನಿ ಇಳಿಯಲಿಲ್ಲ.

ದನಿಯೂ ಇಳಿಯಲಿಲ್ಲ. ಕೋಸಿಮ್ ಅವಳ ಮೇಲೆ ಕಣ್ಣು ನೆಟ್ಟು, ಹಿಮ್ಮಡಿಯನ್ನು ಒತ್ತಿಯೇ ಹಿಡಿದಿದ್ದ. ಒಂದು ಎವೆ ಕಾದ. ಸೊಂಟ ಕದಲಿದ್ದೇ ತಡ ಹಿಮ್ಮಡಿ ಸಡಿಲ ಬಿಟ್ಟ. ಎರಡೂ ಕೂಡಿ ಬಾವಿಗಿಳಿದವು, ‘ದೋಂ...ವ್’. ಚಪ್ಪರ ಒಂದೇ ಬಾಯಲ್ಲಿ ‘ಹೋ’ ಎಂದಿತು. ತಡವಾದದ್ದು ನೋಡುತ್ತ ಕೂತ ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ಮೂವರಿಗೆ: ಬಾರಿಸಿದವನಿಗೆ, ಕುಣಿದವಳಿಗೆ, ಜಾಗಟೆಯ ಹಿಂದೆ ನಿಂತವನಿಗೆ.

ಅಷ್ಟೇ ಕೆಲಸ ಅದು, ಒಂದು ಎವೆಯಷ್ಟು ಕಾಯುವುದು. ಹೊಳೆಯಾಚೆಯಿಂದ ಬಂದ ಆ ಮೌನಿ ಯಾರಿಗೂ ಹೇಳದೆ ಅದನ್ನು ಮಾಡಿದ. ಮುಂದಿನ ಸಲವೂ ಮಾಡಿದ, ಅದರ ಮುಂದಿನ ಸಲವೂ. ತಾರ್ಯ ಹೋಕಾರಕ್ಕೆ ತಲೆಯೆತ್ತಲಿಲ್ಲ. ಕೋಸಿಮನ ಕೈ ಮುಕ್ತಾಯದ ಪೆಟ್ಟಿಗೆ ತಿರುಗುವುದನ್ನೇ ಕಾಯುತ್ತ, ಕೋಲು ಹಿಡಿದು ಜಾಗಟೆಯ ಹಿಂದೆ ನಿಂತಿದ್ದ. ಹಾಡು ಪೂರ್ತಿಯಾಗಿ ಮುಗಿಯುವವರೆಗೂ ಆ ಪೆಟ್ಟು ಬರಲಿಲ್ಲ.